75 ರೂಪಾಯಿ ಮೇಷ್ಟ್ರು

ಗೋಪಾಲಕೃಷ್ಣ ಗೋಖಲೆ ಅಂದರೆ ಗಾಂಧೀಜಿಯ ರಾಜಕೀಯ ಗುರು ಅಂತ ಎಲ್ಲರಿಗೂ ಗೊತ್ತು. ಅವರು 1885ರಿಂದ 1902ರವರೆಗೆ ಪುಣೆಯಲ್ಲಿ ಮೇಷ್ಟ್ರಾಗಿದ್ದದ್ದು ಮಾತ್ರ ಮರೆತೇಹೋಗಿದೆ.

ರತ್ನಾಗಿರಿ ಸೀಮೆಯ ಕೋತಳೂಕದಲ್ಲಿ 1866ರಲ್ಲಿ ಹುಟ್ಟಿದರು. ತಂದೆ ತೀರಿಕೊಂಡ ಮೇಲೆ ಅಣ್ಣ ತನ್ನ 15 ರೂಪಾಯಿ ಸಂಬಳದಲ್ಲೇ ತಿಂಗಳಿಗೆ 8 ರೂಪಾಯಿ ಕಳಿಸಿ ಓದಿಸಿದರು. 1884ರಲ್ಲಿ ಬಿ.ಎ. ಆಯಿತು. ವಕೀಲರಾಗಬಹುದಿತ್ತು, ಹಿಡಿದದ್ದು ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ 35 ರೂಪಾಯಿಯ ಮಾಸ್ತರಿಕೆ. ಮುಂದೆ ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರಾಗಿ, 75 ರೂಪಾಯಿಗೆ ಇಪ್ಪತ್ತು ವರ್ಷ ದುಡಿಯುತ್ತೇನೆಂದು ಮಾತು ಕೊಟ್ಟರು.

ಆಮೇಲೆ ಜಗಳ ಶುರು. ಸದಸ್ಯರು ಹೊರಗೆ ಗಳಿಸಕೂಡದು ಅಂತ ತಿಲಕರು. ಸಂಸಾರಸ್ಥರಿಗೆ ಇಷ್ಟು ಸಾಲದು ಅಂತ ಉಳಿದವರು. ಇಂಥ ಮನಸ್ತಾಪಗಳಿಂದಲೇ 1890ರಲ್ಲಿ ತಿಲಕರು ಸಂಸ್ಥೆ ಬಿಟ್ಟರು. ಗೋಖಲೆ ಉಳಿದರು. ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್, ಗಣಿತ, ಇತಿಹಾಸ, ಅರ್ಥಶಾಸ್ತ್ರ, ಯಾವುದು ಕೊಟ್ಟರೂ ಕಲಿಸಿದರು. ಮನೆಗೆ ಆಸರೆಯಾದದ್ದು ಅವರದೇ ಅಂಕಗಣಿತದ ಪಠ್ಯಪುಸ್ತಕ.

1911ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಮಸೂದೆ ತಂದರು. ಮರುವರ್ಷ ಅದು ಬಿದ್ದುಹೋಯಿತು. 1915ರಲ್ಲಿ ಗೋಖಲೆ ತೀರಿಕೊಂಡರು, ಬರೀ 48 ವರ್ಷ.

ಅವರ ತ್ಯಾಗಕ್ಕೆ ಕೈ ಮುಗಿಯೋಣ. ಆದರೆ ಗೆಳೆಯರೇ, ಮಾರಾಟವಾಗುವ ಪುಸ್ತಕ ಎಲ್ಲ ಮೇಷ್ಟ್ರುಗಳಿಗೂ ಇರುವುದಿಲ್ಲ. ಸಾಲದ ಸಂಬಳಕ್ಕೆ ತ್ಯಾಗ ಅಂತ ಹೆಸರಿಟ್ಟರೆ ತಿಲಕರಂಥವರೂ ಗೋಖಲೆಯವರಂಥವರೂ ಒಂದೇ ಶಾಲೆಯಲ್ಲಿ ನಿಲ್ಲಲಾರರು.