ತಿಳಿಯದುದನ್ನು ತಿಳಿಯದೆಂದ ಸೇನಾನಿ

ದೂರದೇಶಗಳ ಯುದ್ಧವಾರ್ತೆ ಕೇಳಿದಾಗಲೆಲ್ಲ, ಯಾವ ಸರ್ಕಾರದ ಮಾತನ್ನು ನಂಬಬೇಕೆಂಬ ಗೊಂದಲ ದೇಶಪಾಂಡೆ ನಗರದ ನಮ್ಮ ಕುಟುಂಬಗಳಿಗೂ ಉಂಟು. ಇಂತಹ ಗೊಂದಲದ ನಡುವೆ ನಿಂತಿದ್ದ ಕೊಡಗಿನ ಜನರಲ್ ತಿಮ್ಮಯ್ಯನವರನ್ನು ಈ ವಾರ ಸ್ಮರಿಸುತ್ತೇವೆ.

1906ರಲ್ಲಿ ಮಡಿಕೇರಿಯಲ್ಲಿ ಜನಿಸಿದ ಅವರು ಕೂನೂರಿನ ಸಂತ ಜೋಸೆಫರ ಕಾಲೇಜಿನಲ್ಲಿ ಕಲಿತರು. ಮೂರು ವರ್ಷಗಳ ಕೊರಿಯಾ ಯುದ್ಧ 1953ರ ಜುಲೈಯಲ್ಲಿ ನಿಂತಾಗ, ತಾಯ್ನಾಡಿಗೆ ಮರಳಲೊಲ್ಲದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಬಂದಿತು. ತಿಮ್ಮಯ್ಯನವರು ಅದರ ಅಧ್ಯಕ್ಷರು. ಅದು ಕೈದಿಗಳ ಸ್ವಂತ ಇಚ್ಛೆಯೆಂದು ಒಂದು ಪಕ್ಷ, ಬಲವಂತವೆಂದು ಇನ್ನೊಂದು ಪಕ್ಷ ಲೋಕಕ್ಕೆ ಸಾರಿದವು. ಒಬ್ಬೊಬ್ಬನನ್ನೂ ವಿಚಾರಿಸಬೇಕಿತ್ತು. ಆದರೆ ಶಿಬಿರದೊಳಗಿನ ಗುಂಪುಗಳ ಬೆದರಿಕೆ, ಪಕ್ಷಗಳ ಕಲಹಗಳಿಂದ ಬಹುಪಾಲು ಕೈದಿಗಳ ವಿಚಾರಣೆ ನಡೆಯಲೇ ಇಲ್ಲ. ರಕ್ತ ಹರಿಸಿ ಅವರನ್ನು ಎಳೆತರಲು ತಿಮ್ಮಯ್ಯನವರು ಒಪ್ಪಲಿಲ್ಲ. ಕೈದಿಗಳ ನಿಜವಾದ ಇಚ್ಛೆ ಖಚಿತವಾಗಲಿಲ್ಲವೆಂದು ಭಾರತವೂ ಸೇರಿದ ಬಹುಮತದ ವರದಿ ಒಪ್ಪಿಕೊಂಡಿತು. ಅದು ಯಾರಿಗೂ ಗೆಲುವು ನೀಡದ ಉತ್ತರ. ಆದರೂ ಪ್ರಾಮಾಣಿಕ ಉತ್ತರ.

1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಅವರು, 1965ರ ಡಿಸೆಂಬರಿನಲ್ಲಿ ಸೈಪ್ರಸ್ಸಿನ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ ನಿಧನರಾದರು.

ತಿಳಿಯದುದನ್ನು ತಿಳಿಯದೆಂದು ಹೇಳುವ ಧೈರ್ಯವನ್ನು ಆಳುವವರಿಗೂ ನಮಗೂ ದೇವರು ಕರುಣಿಸಲೆಂದು ಪ್ರಾರ್ಥಿಸೋಣ.