ಎರಡನೆಯ ಭಾಸ್ಕರಾಚಾರ್ಯ

ಎರಡನೆಯ ಭಾಸ್ಕರಾಚಾರ್ಯರು (ಜನನ: ಕ್ರಿ.ಶ. 1114) ಭಾರತದ ಪ್ರಸಿದ್ಧ ಗಣಿತಜ್ಞರು ಹಾಗೂ ಖಗೋಳಶಾಸ್ತ್ರಜ್ಞರು. 7ನೆಯ ಶತಮಾನದಲ್ಲಿ ಇದೇ ಹೆಸರಿನ ಮತ್ತೊಬ್ಬ ಗಣಿತಜ್ಞರಿದ್ದುದರಿಂದ ಇವರನ್ನು ಎರಡನೆಯ ಭಾಸ್ಕರ ಎಂದು ಕರೆಯುತ್ತಾರೆ. ಜ್ಯಾಗಳನ್ನು, ಅಂದರೆ ಸೈನ್ ಬೆಲೆಗಳನ್ನು ಕೂಡಿಸಿ ಗೋಲದ ಮೇಲ್ಮೈ ವಿಸ್ತೀರ್ಣವನ್ನು ಸಾಧಿಸಿದ ಇವರ ವಿಧಾನವು ಇಂದಿನ ನಿರ್ದಿಷ್ಟ ಅನುಕಲನಕ್ಕೆ ಬಹು ಸಮೀಪವಾದುದು.

ಜೀವನ

ಸಹ್ಯಾದ್ರಿಯ ಸಮೀಪದ ವಿಜ್ಜಡವಿಡವು ಇವರ ಊರು. ಇದು ಕರ್ನಾಟಕದ ಇಂದಿನ ವಿಜಯಪುರವೆಂದು ಕೆಲವು ವಿದ್ವಾಂಸರೂ, ಮಹಾರಾಷ್ಟ್ರದ ಪಾಟಣದ ಸುತ್ತಲಿನ ಪ್ರದೇಶವೆಂದು ಇತರರೂ ಅಭಿಪ್ರಾಯಪಡುತ್ತಾರೆ. ತಂದೆ ಮಹೇಶ್ವರರೇ ಇವರ ಗುರುಗಳು. 1150ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ, ಇವರು 'ಸಿದ್ಧಾಂತ ಶಿರೋಮಣಿ'ಯನ್ನು ರಚಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ ಮತ್ತು ಗೋಲಾಧ್ಯಾಯ ಇದರ ನಾಲ್ಕು ಭಾಗಗಳು. 1183ನ್ನು ಗಣನೆಯ ಆರಂಭವರ್ಷವಾಗಿ ಹೊಂದಿರುವ 'ಕರಣಕುತೂಹಲ' ಇವರ ಮುಪ್ಪಿನ ಕಾಲದ ಕೃತಿ.

ಗೋಲದ ವಿಸ್ತೀರ್ಣ

ಗೋಲದ ಮಹಾವೃತ್ತದ ಕ್ಷೇತ್ರಫಲವನ್ನು ಪರಿಧಿಯಿಂದ ಗುಣಿಸಿದರೆ ಮೇಲ್ಮೈ ವಿಸ್ತೀರ್ಣ ದೊರೆಯುತ್ತದೆಂಬುದು ಹಿಂದಿನ ಆಚಾರ್ಯರಾದ ಲಲ್ಲರ ನಿಯಮವಾಗಿತ್ತು. ಪರಿಧಿ 96 ಇರುವ ಗೋಲಕ್ಕೆ ಈ ನಿಯಮದಿಂದ ಬರುವ ಉತ್ತರ ನಿಜವಾದುದರ 24 ಪಟ್ಟು. ಲಲ್ಲರು ಮಾನ್ಯ ಆಚಾರ್ಯರಾಗಿದ್ದರೂ ಭಾಸ್ಕರಾಚಾರ್ಯರು ಈ ನಿಯಮವನ್ನು ತಿರಸ್ಕರಿಸಿ, ಸರಿಯಾದುದನ್ನು ಉಪಪತ್ತಿಸಹಿತ ನಿರೂಪಿಸಿದರು.

ನೆಲ್ಲಿಕಾಯಿಯ ಮೇಲಿನ ಗೆರೆಗಳಂತೆ ಗೋಲವನ್ನು ಧ್ರುವದಿಂದ ಧ್ರುವಕ್ಕೆ 96 ಪಟ್ಟಿಗಳಾಗಿ ಅವರು ವಿಭಾಗಿಸಿದರು. ಪ್ರತಿ ಪಟ್ಟಿಯ ಅಗಲ ನಡುವೆ 1 ಇದ್ದು, ಧ್ರುವದ ಕಡೆಗೆ ಜ್ಯಾಗಳ ಅನುಪಾತದಲ್ಲಿ ಕಿರಿದಾಗುತ್ತದೆ. ಕಾಲು ವೃತ್ತದ 24 ಜ್ಯಾಗಳ ಮೊತ್ತದಿಂದ ತ್ರಿಜ್ಯದ ಅರ್ಧವನ್ನು ಕಳೆದು, ತ್ರಿಜ್ಯದಿಂದ ಭಾಗಿಸಿದರೆ ಅರ್ಧ ಪಟ್ಟಿಯ ವಿಸ್ತೀರ್ಣ ಸಿಗುತ್ತದೆ. ಅದನ್ನು ಇಮ್ಮಡಿಸಿದರೆ ಇಡೀ ಪಟ್ಟಿಗೆ ಸುಮಾರು 30.55 ಬರುತ್ತದೆ. 96 ಪರಿಧಿಯ ವೃತ್ತದ ವ್ಯಾಸವೂ ಇಷ್ಟೇ. ಆದ್ದರಿಂದ ಗೋಲದ ಮೇಲ್ಮೈ ವಿಸ್ತೀರ್ಣವು ಪರಿಧಿ ಮತ್ತು ವ್ಯಾಸಗಳ ಗುಣಲಬ್ಧ.

ಆಧುನಿಕ ಪರಿಭಾಷೆಯಲ್ಲಿ ಇದು ಸೈನ್ ಫಲನದ ಮೊದಲ ಘಾತವನ್ನು 0 ಡಿಗ್ರಿಯಿಂದ 90 ಡಿಗ್ರಿಯವರೆಗೆ ಅನುಕಲಿಸಿದಂತೆ. ರೇಡಿಯನ್ ಮಾನದಲ್ಲಿ ಇದರ ಬೆಲೆ 1. ಭಾಸ್ಕರಾಚಾರ್ಯರ ಲೆಕ್ಕ ಪರಿಮಿತ ಸಂಖ್ಯೆಯ ಜ್ಯಾಗಳ ಮೊತ್ತವಾಗಿದ್ದು, ಮಿತಿಯ ಸಾಮಾನ್ಯ ಸಿದ್ಧಾಂತ ಅದರಲ್ಲಿಲ್ಲ. ಸೈನ್ ಫಲನದ ಉನ್ನತ ಘಾತಗಳ ಇಂಥ ಅನುಕಲಗಳು ಇಂದು ಇಂಗ್ಲೆಂಡಿನ ಗಣಿತಜ್ಞ ಜಾನ್ ವಾಲಿಸ್ (1616–1703) ಅವರ ಹೆಸರಿನಿಂದ ಪ್ರಸಿದ್ಧವಾಗಿವೆ.

ಪರಂಪರೆ

ಪುತ್ರ ಲಕ್ಷ್ಮೀಧರರು ಯಾದವ ದೊರೆ ಜೈತ್ರಪಾಲನ ಆಸ್ಥಾನ ವಿದ್ವಾಂಸರಾಗಿದ್ದರು. ಮೊಮ್ಮಗ ಚಾಂಗದೇವರು ಸಿಂಘಣನ ಆಸ್ಥಾನ ಜ್ಯೋತಿಷಿಯಾಗಿದ್ದು, ಭಾಸ್ಕರಾಚಾರ್ಯರ ಗ್ರಂಥಗಳ ಅಧ್ಯಯನಕ್ಕಾಗಿಯೇ ಪಾಟಣದಲ್ಲಿ ಮಠವೊಂದನ್ನು ಸ್ಥಾಪಿಸಿದರು. 1207ರ ಶಿಲಾಶಾಸನವು ಇದನ್ನು ದಾಖಲಿಸುತ್ತದೆ.