ಕುದ್ಮುಲ್ ರಂಗರಾಯರು ಬಯಸಿದ ಮನ್ನಣೆ

ಉಪಕಾರಿಗಳನ್ನು ಸ್ಮರಿಸುವ ಬಗೆಯಿಂದ ಒಂದು ಸಮಾಜದ ಸಂಸ್ಕಾರವನ್ನು ಅಳೆಯಬಹುದೆಂದು ತಿಳಿದವರು ಹೇಳುವುದುಂಟು. ನಮ್ಮಲ್ಲಿ ಆ ಸ್ಮರಣೆಗೆ ಒಂದು ನಿಶ್ಚಿತ ವಿಧಿಯೇ ಏರ್ಪಟ್ಟಿದೆ. ವೇದಿಕೆಯೊಂದನ್ನು ಕಟ್ಟುತ್ತೇವೆ, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿಯಿತ್ತು, ಬಿನ್ನವತ್ತಳೆಯನ್ನೋದಿ ಕೈಮುಗಿಯುತ್ತೇವೆ. ಇದು ತಪ್ಪೆಂದು ಯಾರೂ ಹೇಳಲಾರರು. ಆದರೆ ಆ ಮಹನೀಯರು ಯಾರಿಗಾಗಿ ದುಡಿದರೋ ಅವರು ಸಾಮಾನ್ಯವಾಗಿ ಆ ವೇದಿಕೆಯ ಮೇಲೆ ಕಾಣಿಸುವುದಿಲ್ಲ. ಉಪಕೃತರಾದವರು ತಮ್ಮ ಕೈಯಾರೆ ಉಪಕಾರಿಯನ್ನು ಗೌರವಿಸುವ ಸಂದರ್ಭಗಳು ವಿರಳ. ಅಂಥ ವಿರಳ ಸಂದರ್ಭವೊಂದು 1928ರ ಜನವರಿ ತಿಂಗಳ ಕೊನೆಯಲ್ಲಿ ಮಂಗಳೂರಿನಲ್ಲಿ ಒದಗಿತು. ಅದರ ಅರ್ಥವನ್ನು ಗ್ರಹಿಸಬೇಕಾದರೆ ಕುದ್ಮುಲ್ ರಂಗರಾಯರ ಜೀವಿತವನ್ನು ಮೊದಲಿನಿಂದ ತಿಳಿಯಬೇಕು.

ರಂಗರಾಯರು ಜನಿಸಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯ ಕುದ್ಮುಲ್ ಎಂಬ ಗ್ರಾಮದಲ್ಲಿ. ಅಂದು ಆ ಸೀಮೆ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಭಾಷಾವಾರು ಪ್ರಾಂತಗಳು ರಚಿತವಾದಾಗ ಕೇರಳದ ಪಾಲಾಯಿತು. ಅವರದು ಸಾರಸ್ವತ ಬ್ರಾಹ್ಮಣ ಮನೆತನ. ಎಳೆಯ ವಯಸ್ಸಿನಲ್ಲಿಯೇ ಜೀವನೋಪಾಯವನ್ನರಸಿ ಮಂಗಳೂರಿಗೆ ಬಂದ ಅವರು ಪ್ರಾಥಮಿಕ ಶಾಲೆಯೊಂದರಲ್ಲಿ ತಿಂಗಳಿಗೆ 8 ರೂಪಾಯಿ ಸಂಬಳದ ಉಪಾಧ್ಯಾಯರಾದರು. ಪಾಠ ಹೇಳುತ್ತಲೇ ತಾವೂ ಓದಿ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನೂ, ಅನಂತರ ವಕೀಲಿ ಪರೀಕ್ಷೆಯನ್ನೂ ಮುಗಿಸಿ ಮಂಗಳೂರಿನ ನ್ಯಾಯಾಲಯದಲ್ಲಿ ವಕೀಲರಾಗಿ ನಿಂತರು. ಬಡವರ ವಕೀಲರೆಂದು ಹೆಸರಾದರು. ಬಡತನದಿಂದ ವಿದ್ಯೆಯ ಬಲದಿಂದಲೇ ಮೇಲೆ ಬಂದವರಾದುದರಿಂದ ವಿದ್ಯೆಯು ಮನುಷ್ಯನಿಗೆ ಏನನ್ನು ತಂದುಕೊಡಬಲ್ಲದೆಂಬುದು ಅವರಿಗೆ ಸ್ವಾನುಭವದಿಂದ ತಿಳಿದಿತ್ತು. ತಮಗೆ ದೊರೆತ ಆ ಮೆಟ್ಟಿಲು ಎಲ್ಲರಿಗೂ ದೊರೆಯುವಂಥದಲ್ಲವೆಂಬುದೂ ತಿಳಿದಿತ್ತು.

ಆ ಕಾಲದ ಸ್ಥಿತಿ ಎಂಥದಿತ್ತೆಂಬುದಕ್ಕೆ ಕನ್ನಡನಾಡಿನದೇ ಇನ್ನೊಂದು ಊರಿನ ನಿದರ್ಶನವನ್ನು ನೋಡಬಹುದು. ರಂಗರಾಯರು ಹುಟ್ಟುವುದಕ್ಕೆ ಮೂರು ವರ್ಷ ಮೊದಲು, 1856ರ ಜೂನ್ ತಿಂಗಳಿನಲ್ಲಿ, ಧಾರವಾಡದ ಸರ್ಕಾರಿ ಶಾಲೆಯಲ್ಲಿ ಓದಲು ಅವಕಾಶ ಕೊಡಬೇಕೆಂದು ಮಹಾರ್ ಜಾತಿಯ ಹುಡುಗನೊಬ್ಬ ಅರ್ಜಿ ಹಾಕಿದನು. ಶಾಲೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರ್ಕಾರಕ್ಕೆ ಮೊರೆಯಿಟ್ಟನು. ನ್ಯಾಯ ಹುಡುಗನ ಪಕ್ಷದಲ್ಲಿದೆಯೆಂಬುದನ್ನು ಸರ್ಕಾರ ಅಲ್ಲಗಳೆಯಲಿಲ್ಲ. ಆದರೆ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲರೂ ಶಾಲೆಯನ್ನು ಬಿಟ್ಟುಹೋದಾರೆಂಬ ಭಯದಿಂದ ಅವನ ಪ್ರಾರ್ಥನೆಯನ್ನು ತಳ್ಳಿಹಾಕಿತು. ಸರ್ಕಾರಿ ಶಾಲೆಯಿಂದ ಯಾರನ್ನೂ ಜಾತಿಯ ಕಾರಣದಿಂದ ಹೊರಗಿಡಬಾರದೆಂಬ ತತ್ತ್ವವನ್ನು 1882ರ ಹಂಟರ್ ಆಯೋಗವೂ ಎತ್ತಿಹಿಡಿಯಿತು. ಆದರೂ ಊರೂರಿನ ಶಾಲೆಯ ಜಗಲಿಯಲ್ಲಿ ಆ ತತ್ತ್ವ ನಡೆಯಲಿಲ್ಲ. ಬಾಗಿಲಿಗೆ ಬೀಗವಿರಲಿಲ್ಲ ನಿಜ. ಒಳಗೆ ಕಾಲಿಡುವ ಧೈರ್ಯವನ್ನು ಮಗುವಿಗೆ ಕೊಡುವವರೂ ಇರಲಿಲ್ಲ. ಅನುಮತಿಗೂ ಅವಕಾಶಕ್ಕೂ ಇರುವ ಈ ಅಂತರವನ್ನು ತುಂಬುವ ಕಾರ್ಯಕ್ಕೆ ರಂಗರಾಯರು ತಮ್ಮ ಬಾಳನ್ನು ಮುಡಿಪಾಗಿಟ್ಟರು.

ಈ ಕಾರ್ಯಕ್ಕೆ ಅವರ ಮನಸ್ಸನ್ನು ಹದಗೊಳಿಸಿದ್ದು ಬ್ರಹ್ಮಸಮಾಜ. ಬಂಗಾಳದ ಆ ಸಮಾಜದ ಶಾಖೆ 1870ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾಯಿತು. ಅಲ್ಲಿ ಅದರ ಮುಂದಾಳಾಗಿದ್ದವರು ಉಳ್ಳಾಲ ರಘುನಾಥಯ್ಯನವರು. ದೇವರೊಬ್ಬನೇ ಆದರೆ ಮನುಷ್ಯರಲ್ಲಿ ಮೇಲುಕೀಳೆಲ್ಲಿಯದೆಂಬ ಅವರ ಬೋಧೆ ತರುಣ ರಂಗರಾಯರನ್ನು ಸೆಳೆಯಿತು. ಅವರು ರಘುನಾಥಯ್ಯನವರ ಅನುಯಾಯಿಯಾಗಿ, ಮುಂದೆ ಸಮಾಜದ ಕಾರ್ಯದರ್ಶಿಯಾದರು. ಆದರೆ ಪ್ರಾರ್ಥನಾ ಮಂದಿರದಲ್ಲಿ ಸಮಾನತೆಯನ್ನು ಕೊಂಡಾಡಿ ಹೊರಗೆ ಬಂದು ಹಳೆಯ ದಾರಿಯಲ್ಲಿಯೇ ನಡೆಯುವುದು ಅವರಿಂದಾಗಲಿಲ್ಲ.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ, ಬಾಡಿಗೆಯ ಮನೆಯೊಂದರಲ್ಲಿ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ರಂಗರಾಯರು ಒಂದು ಶಾಲೆಯನ್ನು ತೆರೆದರು. ಇಂದು ಇದನ್ನು ಓದುವವರಿಗೆ ಇದೊಂದು ಸಾಮಾನ್ಯ ಸಂಗತಿಯಾಗಿ ತೋರಬಹುದು. ಅಂದು ಅದು ಊರನ್ನೇ ಎದುರು ಹಾಕಿಕೊಂಡಂತಾಯಿತು. ಸ್ವಜಾತಿಯವರು ರಾಯರಿಗೆ ಬಹಿಷ್ಕಾರ ಹಾಕಿದರು. ಮೇಲ್ಜಾತಿಯ ಉಪಾಧ್ಯಾಯರು ಆ ಮಕ್ಕಳಿಗೆ ಪಾಠ ಹೇಳಲು ಒಪ್ಪದಿರಲು ರಾಯರು ಕ್ರೈಸ್ತ ಉಪಾಧ್ಯಾಯರ ನೆರವನ್ನು ಪಡೆದರು. ವಿರೋಧದ ಬಿಸಿಗೆ ಚಿಲಿಂಬಿಯ ಶಾಲೆ ಅಲ್ಲಿ ನಿಲ್ಲಲಿಲ್ಲ. ಅದನ್ನು ಬೇರೆಡೆಗೆ ಸಾಗಿಸಬೇಕಾಯಿತು. ಕಡೆಗೆ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ಅವರ ಪ್ರಯತ್ನಕ್ಕೊಂದು ಸ್ಥಿರವಾದ ನೆಲೆ ಸಿಕ್ಕಿತು. ಮುಂದೆ ಕಂಕನಾಡಿ, ಬೋಳೂರು, ಬೊಕ್ಕಪಟ್ಣ, ಅತ್ತಾವರದ ಬಾಬುಗುಡ್ಡೆ, ದಡ್ಡಲಕಾಡು, ಮೂಲ್ಕಿ, ಉಡುಪಿಯ ಬಳಿಯ ನೇಜಾರು ಮುಂತಾದೆಡೆಗಳಲ್ಲಿ ಇಂಥ ಶಾಲೆಗಳು ತಲೆಯೆತ್ತಿದವು.

ಶಾಲೆಯನ್ನು ತೆರೆದರೆ ಸಾಕೆ? ಮಗು ಬರಬೇಕಲ್ಲ! ದುಡಿದರೆ ಮಾತ್ರ ಗಂಜಿ ಕಾಣುವ ಮನೆಯಲ್ಲಿ ಮಗುವಿನ ಕೈಯೂ ದುಡಿಯುವ ಕೈಯೇ. ಅದನ್ನು ಹಗಲೆಲ್ಲ ಶಾಲೆಗೆ ಕೊಡುವುದೆಂದರೆ ತಾಯಿತಂದೆಗಳು ಒಂದು ಹೊತ್ತಿನ ಅನ್ನವನ್ನು ಬಿಟ್ಟುಕೊಟ್ಟಂತೆ. ರಂಗರಾಯರು ಈ ಕಷ್ಟವನ್ನು ಅರಿತು ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನು ಏರ್ಪಡಿಸಿದರು. ಇನ್ನೊಂದು ತೊಡಕೂ ಇದ್ದಿತು. ತುಳುನಾಡಿನ ಈ ಕೇರಿಗಳಲ್ಲಿ ಮಕ್ಕಳು ಆಡುತ್ತಿದ್ದುದು ತುಳು. ಕೊರಗರಿಗಂತೂ ತಮ್ಮದೇ ಆದ ಭಾಷೆಯುಂಟು. ಶಾಲೆಯ ಪುಸ್ತಕವೋ ಕನ್ನಡದ್ದು. ನಮ್ಮಂಥವರಿಗೆ ತಾಯ ಮಡಿಲಲ್ಲಿ ದೊರೆತ ಕನ್ನಡವನ್ನು ಆ ಮಕ್ಕಳು ಮೊದಲ ದಿನದಿಂದಲೇ ಪರಭಾಷೆಯಾಗಿ ಕಲಿಯಬೇಕಾಗಿತ್ತು. ಹಸಿವು, ಹೆದರಿಕೆ, ಊರವರ ಹೀನಾಯ ನೋಟ, ತಿಳಿಯದ ಭಾಷೆ—ಇಷ್ಟನ್ನೂ ದಾಟಿ ಬಂದು ಅಕ್ಷರ ತಿದ್ದಿದ ಮೊದಲ ಮಕ್ಕಳ ಹೆಸರುಗಳು ಚರಿತ್ರೆಯ ಪುಟಗಳಲ್ಲಿ ಎದ್ದುಕಾಣುವುದಿಲ್ಲ. ರಾಯರನ್ನು ಸ್ಮರಿಸುವಾಗ ಆ ಮಕ್ಕಳನ್ನೂ, ಕೂಲಿಯನ್ನು ಬಿಡಿಸಿ ಅವರನ್ನು ಶಾಲೆಗೆ ಕಳುಹಿಸಿದ ತಾಯಂದಿರನ್ನೂ ಸ್ಮರಿಸದಿದ್ದರೆ ಸ್ಮರಣೆ ಅರ್ಧವಾದೀತು.

ಒಬ್ಬ ವ್ಯಕ್ತಿಯ ಉತ್ಸಾಹ ಅವನೊಂದಿಗೇ ಮುಗಿದುಹೋಗಬಾರದೆಂಬ ದೂರದೃಷ್ಟಿ ರಾಯರಲ್ಲಿತ್ತು. 1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ದಲಿತ ವರ್ಗಗಳ ಸೇವಾಸಂಘವೆಂದು ಇದನ್ನು ಕನ್ನಡದಲ್ಲಿ ಕರೆಯಬಹುದು. ಜಮಖಂಡಿಯಲ್ಲಿ ಹುಟ್ಟಿ ಮಹಾರಾಷ್ಟ್ರದಲ್ಲಿ ಪ್ರಖ್ಯಾತರಾದ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ಸಂಸ್ಥೆಯನ್ನು ಮುಂಬಯಿಯಲ್ಲಿ ಆರಂಭಿಸಿದ್ದು 1906ರಲ್ಲಿ; ಅದಕ್ಕೆ ಒಂಬತ್ತು ವರ್ಷ ಮೊದಲೇ ಮಂಗಳೂರಿನಲ್ಲಿ ಈ ದೀಪ ಹೊತ್ತಿಕೊಂಡಿತ್ತು. ಸಂಘದ ಕಾರ್ಯ ಅಕ್ಷರಾಭ್ಯಾಸಕ್ಕೆ ಸೀಮಿತವಾಗಿರಲಿಲ್ಲ. ಓದು ಬಂದರೂ ಹೊಟ್ಟೆಪಾಡಿಗೆ ದಾರಿಯಿಲ್ಲದಿದ್ದರೆ ಹುಡುಗನು ಮತ್ತೆ ಒಡೆಯನ ಅಂಗಳಕ್ಕೇ ಹೋಗಿ ನಿಲ್ಲಬೇಕು. ಆದುದರಿಂದ ನೇಯ್ಗೆ, ಮರಗೆಲಸ ಮುಂತಾದ ಕಸುಬುಗಳನ್ನು ಕಲಿಸಲಾಯಿತು. ದೂರದಿಂದ ಬಂದ ಮಕ್ಕಳಿಗೆ ವಿದ್ಯಾರ್ಥಿನಿಲಯವಾಯಿತು. ಇರುವ ಗುಡಿಸಲಿನ ನೆಲವೂ ಪರರದ್ದಾದರೆ ಪರರ ಮಾತನ್ನು ಮೀರುವಂತಿಲ್ಲ. ಆದುದರಿಂದ ನಿವೇಶನಗಳನ್ನು ದೊರಕಿಸಿ ದಲಿತರಿಗೂ ಕೊರಗರಿಗೂ ಮನೆ ಕಟ್ಟಿಕೊಳ್ಳಲು ನೆರವಾದರು. ಊರಿನ ಆಡಳಿತದಲ್ಲಿಯೂ ಈ ಜನರ ಪ್ರತಿನಿಧಿಗಳಿರಬೇಕೆಂದು ಪ್ರಯತ್ನಿಸಿದರು. ಅನ್ನ, ಅಕ್ಷರ, ಕಸುಬು, ನೆಲ, ಅಧಿಕಾರ—ಇವುಗಳಲ್ಲಿ ಒಂದನ್ನು ಕೊಟ್ಟು ಮತ್ತೊಂದನ್ನು ತಡೆದರೆ ಕೊಟ್ಟದ್ದೂ ನಿಲ್ಲದೆಂಬುದನ್ನು ರಾಯರು ಅಷ್ಟು ಹಿಂದೆಯೇ ಕಂಡುಕೊಂಡಿದ್ದರು.

ಇಲ್ಲಿ ವಿಚಾರಪರರಾದ ವಾಚಕರು ಒಂದು ಆಕ್ಷೇಪವನ್ನೆತ್ತಬಹುದು. ಪ್ರತ್ಯೇಕವಾದ ಶಾಲೆ, ಪ್ರತ್ಯೇಕವಾದ ಕೇರಿ—ಇವು ಪ್ರತ್ಯೇಕತೆಯನ್ನೇ ಬೆಳೆಸಲಿಲ್ಲವೆ? ಎಲ್ಲರ ಶಾಲೆಯಲ್ಲಿ ಎಲ್ಲರೂ ಕುಳಿತುಕೊಳ್ಳಬೇಕಲ್ಲದೆ, ಬೇರೆ ಚಾಪೆ ಹಾಸಿಕೊಡುವುದು ಎಂಥ ಸಮಾನತೆ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಧಾರವಾಡದ ಹುಡುಗನನ್ನು ಮತ್ತೊಮ್ಮೆ ನೆನೆಯೋಣ. ಸಮಾಜದ ಮನಸ್ಸು ಬದಲಾಗುವವರೆಗೆ ಅವನು ಕಾಯಬೇಕಾಗಿದ್ದರೆ ಅವನ ಬಾಲ್ಯ ಮಾತ್ರವಲ್ಲ, ಅವನ ಮಕ್ಕಳ ಬಾಲ್ಯವೂ ಕಳೆದುಹೋಗುತ್ತಿತ್ತು. ಪ್ರತ್ಯೇಕ ಶಾಲೆ ರಾಯರಿಗೆ ಗುರಿಯಾಗಿರಲಿಲ್ಲ. ಮುಚ್ಚಿದ ಹೆಬ್ಬಾಗಿಲನ್ನು ತಟ್ಟುತ್ತಿರುವಾಗಲೇ ಪಕ್ಕದಲ್ಲೊಂದು ದಾರಿಯನ್ನು ತೆರೆಯುವ ಉಪಾಯವಾಗಿತ್ತು. ಹೆಬ್ಬಾಗಿಲನ್ನು ತೆರೆಸುವ ಹೊಣೆ ಅನಂತರದವರದು. ಅದನ್ನು ನಾವು ಎಷ್ಟರಮಟ್ಟಿಗೆ ನೆರವೇರಿಸಿದ್ದೇವೆಂಬ ಪ್ರಶ್ನೆಯನ್ನು ರಾಯರಿಗೆ ಕೇಳುವಂತಿಲ್ಲ, ನಮಗೆ ನಾವೇ ಕೇಳಿಕೊಳ್ಳಬೇಕು.

ಪರರಿಗೆ ಬೋಧಿಸಿದ್ದನ್ನು ಮನೆಯೊಳಗೆ ಮರೆಯುವ ಸುಧಾರಕರ ಪೈಕಿ ಅವರು ಸೇರಲಿಲ್ಲ. ಮಗಳು ರಾಧಾಬಾಯಿಯವರನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿಸಿದರು. 1912ರಲ್ಲಿ ಅವರ ವಿವಾಹ ನಡೆದದ್ದು ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರರೂ ಅನ್ಯಜಾತಿಯವರೂ ಆದ ಡಾ. ಪಿ. ಸುಬ್ಬರಾಯನ್ ಅವರೊಂದಿಗೆ. ಸುಬ್ಬರಾಯನ್ 1926ರಿಂದ 1930ರವರೆಗೆ ಮದರಾಸು ಆಧಿಪತ್ಯದ ಮುಖ್ಯಮಂತ್ರಿಗಳಾಗಿದ್ದವರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ಮೊದಲನೆಯ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಮಹಿಳೆಯರ ಪರವಾಗಿ ಭಾಗವಹಿಸಿದರು. ಅವರ ಮಕ್ಕಳಲ್ಲಿ ಒಬ್ಬರು ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಪಿ. ಪಿ. ಕುಮಾರಮಂಗಲಂ, ಇನ್ನೊಬ್ಬರು ಕೇಂದ್ರ ಸಚಿವರಾಗಿದ್ದ ಮೋಹನ ಕುಮಾರಮಂಗಲಂ, ಮಗಳು ಪಾರ್ವತಿ ಕೃಷ್ಣನ್ ಸಂಸತ್ ಸದಸ್ಯೆಯಾಗಿದ್ದವರು. ಅವಕಾಶವೊಂದು ತೆರೆದರೆ ಒಂದು ಕುಟುಂಬ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ರಾಯರ ಮನೆಯೇ ಸಾಕ್ಷಿ. ಅಂಥ ಅವಕಾಶ ಕೇರಿಯ ಮಗುವಿಗೂ ಸಿಗಲೆಂಬುದೇ ಅವರ ಹಂಬಲವಾಗಿತ್ತು.

ಮನ್ನಣೆ ಅವರಿಗೆ ಬಾರದೆ ಇರಲಿಲ್ಲ. ಬ್ರಿಟಿಷ್ ಸರ್ಕಾರ ರಾವ್ ಸಾಹೇಬ್ ಬಿರುದನ್ನಿತ್ತಿತು. ಭಾರತ ಸೇವಕ ಸಂಘದ ಗೋಪಾಲಕೃಷ್ಣ ದೇವಧರರಂಥವರು ಅವರ ಕಾರ್ಯವನ್ನು ಮೆಚ್ಚಿದರು. ವಯಸ್ಸಾಗಿ ದೇಹ ಸೋತಾಗ ರಾಯರು ತಮ್ಮ ಸಂಸ್ಥೆಯನ್ನು ಆ ಸಂಘದ ವಶಕ್ಕೇ ಒಪ್ಪಿಸಿದರು. ಮಂಗಳೂರಿನ ರಾಷ್ಟ್ರೀಯ ಚಳವಳಿಯ ಮುಂದಾಳು ಕಾರ್ನಾಡು ಸದಾಶಿವರಾಯರಿಗೆ ಅವರು ಸ್ಫೂರ್ತಿಯಾದರು. ರಾಯರು ತೀರಿಕೊಂಡು ಆರು ವರ್ಷಗಳಾದ ಮೇಲೆ, 1934ರ ಫೆಬ್ರವರಿಯಲ್ಲಿ, ಹರಿಜನೋದ್ಧಾರದ ಪ್ರವಾಸದಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಈ ಸಂಸ್ಥೆಯನ್ನು ಕಂಡರು. ಅಸ್ಪೃಶ್ಯತಾ ನಿವಾರಣೆಯ ವಿಷಯದಲ್ಲಿ ರಂಗರಾಯರು ತಮಗೆ ಗುರುಸಮಾನರೆಂದು ಅವರು ಸ್ಮರಿಸಿದರೆಂಬುದು ಮಂಗಳೂರಿನವರು ಅಭಿಮಾನದಿಂದ ಹೇಳುವ ಮಾತು.

ಆದರೆ ರಂಗರಾಯರು ಸ್ವತಃ ಬಯಸಿದ ಮನ್ನಣೆ ಇವುಗಳಲ್ಲಿ ಯಾವುದೂ ಅಲ್ಲ. ಅವರ ಆಸೆ ಬೇರೊಂದಿತ್ತು. ತಮ್ಮ ಶಾಲೆಯಲ್ಲಿ ಕಲಿತ ದಲಿತರ ಮಗುವೊಂದು ಮುಂದೆ ದೊಡ್ಡ ಅಧಿಕಾರಿಯಾಗಬೇಕು. ಊರಿನ ಬೀದಿಯಲ್ಲಿ ಮೋಟಾರಿನಲ್ಲಿ ಕುಳಿತು ಓಡಾಡಬೇಕು. ಆ ಗಾಡಿ ಎಬ್ಬಿಸಿದ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ತಮ್ಮ ಜನ್ಮ ಸಾರ್ಥಕವಾದಂತೆ. ಯಾರು ನಡೆದರೆ ದಾರಿಯೇ ಮೈಲಿಗೆಯಾಗುವುದೆಂದು ಊರು ನಂಬಿತ್ತೋ ಅವರ ದಾರಿಯ ಧೂಳನ್ನು ಅವರು ಪ್ರಸಾದವೆಂದು ಬಯಸಿದರು. ಉದ್ಧಾರಕನು ಮೇಲೆ ನಿಂತು ಕೈನೀಡುವವನೆಂಬ ಭಾವ ಈ ಆಸೆಯಲ್ಲಿ ಎಳ್ಳಷ್ಟೂ ಇಲ್ಲ.

ಬಾಳಿನ ಕೊನೆಯ ಭಾಗದಲ್ಲಿ, 1927ರಲ್ಲಿ, ಅವರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆಂಬ ಹೆಸರನ್ನು ಪಡೆದರು. 1928ರ ಜನವರಿ 30ರಂದು ದೇಹವನ್ನು ಬಿಟ್ಟರು. ತಮ್ಮ ಶವವನ್ನು ತೋಟಿಗಳು, ಅಂದರೆ ಊರಿನ ಹೊಲಸನ್ನು ಹೊತ್ತು ಸ್ವಚ್ಛಗೊಳಿಸುವ ಕಾಯಕದವರು, ಹೊರಬೇಕೆಂದು ಅವರು ಮೊದಲೇ ತಿಳಿಸಿದ್ದರು. ಹಾಗೆಯೇ ನಡೆಯಿತು. ಯಾರ ನೆರಳನ್ನು ಜನ ದೂರವಿಟ್ಟಿದ್ದರೋ ಅವರ ಹೆಗಲೇರಿ ರಂಗರಾಯರು ಕೊನೆಯ ಯಾತ್ರೆಯನ್ನು ಮುಗಿಸಿದರು. ಮಂಗಳೂರಿನ ನಂದಿಗುಡ್ಡೆಯಲ್ಲಿ ಅವರ ಸಮಾಧಿಯಿದೆ. ಮೋಟಾರಿನ ಧೂಳಿನ ಆ ಆಸೆಯನ್ನು ಅಲ್ಲಿಯ ಕಲ್ಲಿನ ಮೇಲೆ ಬರೆಯಿಸಲಾಗಿದೆ.

ಮೊದಲು ಹೇಳಿದ ವಿರಳ ಸನ್ಮಾನವೆಂದರೆ ಇದೇ. ಅಲ್ಲಿ ಶಾಲಿರಲಿಲ್ಲ, ಬಿನ್ನವತ್ತಳೆಯಿರಲಿಲ್ಲ. ಒಬ್ಬನು ಬದುಕಿನುದ್ದಕ್ಕೂ ಕೊಟ್ಟ ಹೆಗಲಿಗೆ ಪ್ರತಿಯಾಗಿ ಬಂದ ಹೆಗಲಿತ್ತು. ಬದುಕಿದ್ದಾಗ ಸಹಪಂಕ್ತಿಗೆ ಕರೆಯದ ಸಮಾಜದ ಮುಂದೆ, ತನ್ನವರು ಯಾರೆಂಬುದನ್ನು ಮಾತಿಲ್ಲದೆ ತೋರಿಸಿಕೊಟ್ಟ ಉತ್ತರವೂ ಅದರಲ್ಲಿತ್ತು.

ಇಂದು ಮಂಗಳೂರಿನ ಪುರಭವನ ಕುದ್ಮುಲ್ ರಂಗರಾಯರ ಹೆಸರನ್ನು ಹೊತ್ತಿದೆ. ಅದು ಯೋಗ್ಯವಾದ ಕಾರ್ಯವೇ. ಆದರೆ ಕೆಲವು ಸಂಗತಿಗಳನ್ನೂ ಮರೆಯಬಾರದು. ಅಸ್ಪೃಶ್ಯತೆಯನ್ನು ನಮ್ಮ ಸಂವಿಧಾನ 1950ರಲ್ಲಿಯೇ ರದ್ದುಗೊಳಿಸಿತು. ಆದರೂ ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ದಲ್ಲಿ ಪ್ರತ್ಯೇಕ ಕಾಯಿದೆಯೊಂದು ಬೇಕಾಯಿತು. ರಾಯರು ತೀರಿಕೊಂಡು ಆಗಲೇ ಎಪ್ಪತ್ತೆರಡು ವರ್ಷಗಳು ಸಂದಿದ್ದವು. ಕಾಯಿದೆ ಅನುಮತಿಯನ್ನು ಕೊಡಬಲ್ಲದು. ಮಗುವಿನ ಪಕ್ಕದಲ್ಲಿ ಕುಳಿತು ಅಕ್ಷರ ತಿದ್ದಿಸಲು ಮನುಷ್ಯರೇ ಬೇಕು. ತರಗತಿಯ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ವಿದ್ಯಾರ್ಥಿಯನ್ನು ಕಂಡಾಗಲೆಲ್ಲ ಉಪಾಧ್ಯಾಯರಾದ ನಾವು 8 ರೂಪಾಯಿ ಸಂಬಳದ ಆ ಮಾಸ್ತರರನ್ನು ನೆನೆದು, ಅವನು ದಾಟಿ ಬಂದುದೇನು, ಇನ್ನೂ ದಾಟಲಾರದೆ ನಿಂತುದೇನು ಎಂದು ಒಂದು ಕ್ಷಣ ವಿಚಾರಿಸಿದರೆ, ರಂಗರಾಯರಿಗೆ ಅದಕ್ಕಿಂತ ಒಪ್ಪುವ ಸನ್ಮಾನ ಮತ್ತೊಂದಿರಲಾರದು.